ಕಳೆ ಎಂದು ಕಿತ್ತೆಸೆಯುವ ಮುನ್ನ: ನಮ್ಮ ಬೆಳೆಗಳ ಕಾಡು ಬಂಧುಗಳು

ಬೆಂಡೆಕಾಯಿ ಬೆಳೆಯುವವರಿಗೆ ಹಳದಿ ರೋಗದ ಪರಿಚಯ ಇದ್ದೇ ಇರುತ್ತದೆ. ಮೊದಲು ಎಲೆಯ ನರಗಳು ಹಳದಿಯಾಗುತ್ತವೆ, ನಂತರ ಇಡೀ ಎಲೆ, ಕೊನೆಗೆ ಕಾಯಿಯೂ ಬಿಳಿಚಿಕೊಂಡು ಒರಟಾಗುತ್ತದೆ. ಬಿಳಿ ನೊಣ ಹರಡುವ ಈ ವೈರಸ್ ಒಮ್ಮೆ ಗಿಡದೊಳಗೆ ಸೇರಿದರೆ ಅದನ್ನು ಹೊರಹಾಕುವ ಔಷಧವಿಲ್ಲ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳಿಗೆ ಇದರ ಪರಿಹಾರ ಸಿಕ್ಕಿದ್ದು ಬೆಂಡೆಯ ಕಾಡು ಸಂಬಂಧಿಯೊಂದರಲ್ಲಿ. ಆ ಗಿಡದ ರೋಗನಿರೋಧಕ ಗುಣವನ್ನು ಊರ ಬೆಂಡೆಗೆ ಸೇರಿಸಿ ಅವರು ರೂಪಿಸಿದ ತಳಿಯೇ 'ಅರ್ಕಾ ಅನಾಮಿಕ'. ಸಾರಿಗೂ ಪಲ್ಯಕ್ಕೂ ಬಾರದ ಕಾಡು ಗಿಡವೊಂದು ನಮ್ಮ ಅಡುಗೆಮನೆಯ ತರಕಾರಿಯನ್ನು ಉಳಿಸಿಕೊಟ್ಟಿತು.

ಇಂಥ ಗಿಡಗಳನ್ನು 'ಬೆಳೆಗಳ ಕಾಡು ಬಂಧುಗಳು' ಎನ್ನುತ್ತಾರೆ. ಭತ್ತ, ಗೋಧಿ, ತೊಗರಿ, ಬದನೆ, ಕಬ್ಬು, ಮಾವು ಹೀಗೆ ಪ್ರತಿಯೊಂದು ಬೆಳೆಗೂ ಕಾಡಿನಲ್ಲಿ, ಕೆರೆಯಂಚಿನಲ್ಲಿ, ರಸ್ತೆ ಬದಿಯಲ್ಲಿ ತಮ್ಮಷ್ಟಕ್ಕೆ ಬೆಳೆಯುವ ನೆಂಟರಿದ್ದಾರೆ. ಬರ, ಬಿಸಿಲು, ಉಪ್ಪು ನೀರು, ರೋಗ, ಕೀಟ ಇವುಗಳನ್ನು ಯಾರ ಆರೈಕೆಯೂ ಇಲ್ಲದೆ ಎದುರಿಸಿ ಬದುಕಿದವು ಇವು.

ಬೆಳೆಗಳು ಕಳೆದುಕೊಂಡದ್ದೇನು?

ಸುಮಾರು 10 ಸಾವಿರ ವರ್ಷಗಳ ಹಿಂದೆ ಮನುಷ್ಯ ಬೇಸಾಯ ಆರಂಭಿಸಿದಾಗ ತನಗೆ ಬೇಕಾದ ಗುಣವುಳ್ಳ ಗಿಡಗಳನ್ನೇ ಆರಿಸಿ ಬಿತ್ತಿದ. ಕಾಡು ಭತ್ತದ ಕಾಳು ಮಾಗಿದೊಡನೆ ನೆಲಕ್ಕೆ ಉದುರುತ್ತದೆ. ಅದು ಗಿಡಕ್ಕೆ ಒಳ್ಳೆಯದು, ರೈತನಿಗೆ ನಷ್ಟ. ಹಾಗಾಗಿ ಉದುರದ ತೆನೆ, ದಪ್ಪ ಕಾಳು, ಕಹಿಯಿಲ್ಲದ ಕಾಯಿ ಇವೇ ತಲೆಮಾರಿನಿಂದ ತಲೆಮಾರಿಗೆ ಉಳಿದವು. ಆಯ್ಕೆಯಾಗದ ಗಿಡಗಳ ಜೊತೆ ಅವುಗಳಲ್ಲಿದ್ದ ಇತರ ಗುಣಗಳೂ ಹೊಲದಿಂದ ಹೊರಗುಳಿದವು. ಕಳೆದ ಶತಮಾನದಲ್ಲಿ ಕೆಲವೇ ಅಧಿಕ ಇಳುವರಿ ತಳಿಗಳು ಲಕ್ಷಾಂತರ ಎಕರೆಗೆ ಹರಡಿದ ಮೇಲೆ ಈ ವೈವಿಧ್ಯ ಇನ್ನೂ ಕಿರಿದಾಯಿತು. ಎಲ್ಲ ಗಿಡಗಳೂ ಒಂದೇ ರೀತಿ ಇದ್ದರೆ ಒಂದನ್ನು ಕೊಲ್ಲುವ ರೋಗ ಎಲ್ಲವನ್ನೂ ಕೊಲ್ಲಬಲ್ಲದು.

1970ರ ದಶಕದ ಆರಂಭದಲ್ಲಿ ಏಷ್ಯಾದ ಭತ್ತದ ಗದ್ದೆಗಳಲ್ಲಿ ಇದೇ ಆಯಿತು. ಕಂದು ಜಿಗಿಹುಳು ಹರಡುವ ವೈರಸ್ ರೋಗವೊಂದು ಭತ್ತದ ಗಿಡಗಳನ್ನು ಹುಲ್ಲಿನಂತೆ ಕುಬ್ಜವಾಗಿಸತೊಡಗಿತು. ಫಿಲಿಪ್ಪೀನ್ಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ತನ್ನಲ್ಲಿದ್ದ 6 ಸಾವಿರಕ್ಕೂ ಹೆಚ್ಚು ಬೀಜ ಮಾದರಿಗಳನ್ನು ಪರೀಕ್ಷಿಸಿತು. ರೋಗವನ್ನು ಬಲವಾಗಿ ತಡೆದದ್ದು ಒಂದೇ ಮಾದರಿ. ಅದು ನಮ್ಮ ಉತ್ತರ ಪ್ರದೇಶದಿಂದ ಸಂಗ್ರಹಿಸಿದ್ದ ಕಾಡು ಭತ್ತ, 'ಒರೈಜಾ ನಿವಾರ'. ಮಳೆಗಾಲದಲ್ಲಿ ತಗ್ಗಿನಲ್ಲಿ, ಕೆರೆಯಂಚಿನಲ್ಲಿ ಬೆಳೆದು ನೀರು ಆರುತ್ತಿದ್ದಂತೆ ಒಣಗುವ ಹುಲ್ಲು ಅದು. ಪಂಜಾಬ್ ಮೂಲದ ವಿಜ್ಞಾನಿ ಗುರುದೇವ್ ಸಿಂಗ್ ಖುಷ್ ಮತ್ತು ಸಂಗಡಿಗರು ಅದರ ಗುಣವನ್ನು ಹೊಸ ತಳಿಗಳಿಗೆ ಸೇರಿಸಿದರು. 1976ರಲ್ಲಿ ಬಿಡುಗಡೆಯಾದ ಐಆರ್ 36 ತಳಿಯನ್ನು 1980ರ ದಶಕದಲ್ಲಿ ವರ್ಷಕ್ಕೆ ಸುಮಾರು 1 ಕೋಟಿ 10 ಲಕ್ಷ ಹೆಕ್ಟೇರ್‌ಗಳಲ್ಲಿ ಬೆಳೆಯಲಾಗುತ್ತಿತ್ತು. ಆ ಒಂದು ಹಿಡಿ ಬೀಜವನ್ನು ಯಾರೂ ಸಂಗ್ರಹಿಸದೇ ಇದ್ದಿದ್ದರೆ?

ಕಬ್ಬಿನ ಕಥೆ ಇದಕ್ಕಿಂತ ಹಳೆಯದು. ದಪ್ಪ, ರಸಭರಿತ ಕಬ್ಬು ಉತ್ತರ ಭಾರತದ ಚಳಿ ಮತ್ತು ಬರವನ್ನು ತಾಳುತ್ತಿರಲಿಲ್ಲ. 1912ರಲ್ಲಿ ಕೊಯಮತ್ತೂರಿನಲ್ಲಿ ಸ್ಥಾಪನೆಯಾದ ಕಬ್ಬು ತಳಿ ಕೇಂದ್ರದಲ್ಲಿ ಸಿ. ಎ. ಬಾರ್ಬರ್ ಮತ್ತು ಟಿ. ಎಸ್. ವೆಂಕಟರಾಮನ್ ಅವರು ಅದನ್ನು ಹಿಂದಿಯಲ್ಲಿ 'ಕಾಂಸ್' ಎಂದು ಕರೆಯುವ ಕಾಡು ಹುಲ್ಲಿನೊಂದಿಗೆ ಸಂಕರಗೊಳಿಸಿದರು. ಹೀಗೆ ಹುಟ್ಟಿದ 'ಕೋ 205' ತಳಿ 1918ರಲ್ಲಿ ಪಂಜಾಬಿನ ರೈತರ ಕೈ ಸೇರಿತು. ಇಂದು ಮಂಡ್ಯದ ಗದ್ದೆಯಲ್ಲಿ ನಿಂತಿರುವ ಕಬ್ಬಿನ ವರ್ಣತಂತುಗಳಲ್ಲೂ ಆ ಜಾತಿಯ ಹುಲ್ಲಿನ ಪಾಲಿದೆ.

ಗುಣ ಸೇರಿಸುವುದು ಹೇಗೆ?

ಕಾಡು ಗಿಡದ ಪರಾಗವನ್ನು ಬೆಳೆಯ ಹೂವಿಗೆ ಮುಟ್ಟಿಸಿದರೆ ಕೆಲಸ ಮುಗಿಯುವುದಿಲ್ಲ. ಹುಟ್ಟುವ ಸಸಿಯಲ್ಲಿ ಬೇಕಾದ ಗುಣದ ಜೊತೆಗೆ ಕಾಳು ಉದುರುವುದು, ಕಹಿ, ಕಡಿಮೆ ಇಳುವರಿ ಇವೆಲ್ಲವೂ ಬಂದಿರುತ್ತವೆ. ಆದ್ದರಿಂದ ಆ ಸಸಿಯನ್ನು ಮತ್ತೆ ಮೂಲ ಬೆಳೆಯೊಂದಿಗೇ ಸಂಕರ ಮಾಡಿ, ಬೇಕಾದ ಗುಣ ಉಳಿದಿರುವ ಸಸಿಗಳನ್ನಷ್ಟೇ ಆರಿಸುತ್ತಾರೆ. ಇದನ್ನು ಆರೇಳು ತಲೆಮಾರು ಮುಂದುವರಿಸಿದಾಗ ಬೇಡದ್ದು ಬಹುಪಾಲು ಕಳಚಿ ಬೇಕಾದ್ದು ಉಳಿಯುತ್ತದೆ. ದ್ವಿತೀಯ ಪಿಯುಸಿ ಜೀವಶಾಸ್ತ್ರದ ವಿದ್ಯಾರ್ಥಿಗಳು ಮೆಂಡಲನ ಪಾಠದಲ್ಲಿ ಓದುವ ನಿಯಮಗಳೇ ಇಲ್ಲಿ ಕೆಲಸ ಮಾಡುವುದು.

ಕೆಲವು ಬಂಧುಗಳು ಇನ್ನೂ ದೂರದವು. ಸುಂದರಬನದ ಉಪ್ಪು ನೀರಿನ ಅಳಿವೆಗಳಲ್ಲಿ ಬೆಳೆಯುವ 'ಒರೈಜಾ ಕೋಆರ್ಕ್ಟೇಟಾ' ಎಂಬ ಕಾಡು ಭತ್ತ ತನ್ನ ಎಲೆಯ ಸೂಕ್ಷ್ಮ ರೋಮಗಳ ಮೂಲಕ ಉಪ್ಪನ್ನು ಹೊರಹಾಕುತ್ತದೆ. ಸಮುದ್ರದ ನೀರು ನುಗ್ಗುವ ಗದ್ದೆಗಳಿಗೆ ಇದಕ್ಕಿಂತ ಅಮೂಲ್ಯವಾದ ಗುಣ ಯಾವುದು? ಆದರೆ ಭತ್ತಕ್ಕೆ 24 ವರ್ಣತಂತುಗಳಿದ್ದರೆ ಇದಕ್ಕೆ 48. ಸಂಕರವಾದರೂ ಭ್ರೂಣ ಬೀಜದೊಳಗೇ ಸಾಯುತ್ತದೆ. ಎಳೆಯ ಭ್ರೂಣವನ್ನು ಹೊರತೆಗೆದು ಪ್ರಯೋಗಾಲಯದಲ್ಲಿ ಪೋಷಕಾಂಶ ಕೊಟ್ಟು ಬೆಳೆಸಬೇಕಾಗುತ್ತದೆ. ಸಾವಿರಾರು ಸಂಕರಗಳಲ್ಲಿ ಒಂದೋ ಎರಡೋ ಸಸಿ ಬದುಕಿದರೆ ಅದೇ ದೊಡ್ಡ ಯಶಸ್ಸು.

ಈಗ ಜೀನ್ ತಿದ್ದುವ ತಂತ್ರಜ್ಞಾನ ಬಂದಿದೆಯಲ್ಲ, ಕಾಡು ಗಿಡಗಳೇಕೆ ಎಂದು ಕೇಳಬಹುದು. ತಿದ್ದುವ ಉಪಕರಣ ಕೈಯಲ್ಲಿದ್ದರೂ ಏನನ್ನು ಹೇಗೆ ತಿದ್ದಬೇಕೆಂದು ಗೊತ್ತಿರಬೇಕು. ಉಪ್ಪಿನಲ್ಲಿ ಬದುಕುವ ವಿಧಾನವನ್ನು ಆ ಗಿಡ ಸಾವಿರಾರು ವರ್ಷಗಳಲ್ಲಿ ಕಂಡುಕೊಂಡಿದೆ. ಗಿಡವೇ ಅಳಿದರೆ ಕಲಿಯಲು ಪಾಠವೇ ಉಳಿಯುವುದಿಲ್ಲ. ರೋಗಾಣುಗಳೂ ಸುಮ್ಮನಿರುವುದಿಲ್ಲ, ಅರ್ಕಾ ಅನಾಮಿಕ ತಳಿಗೂ ಕ್ರಮೇಣ ಹಳದಿ ರೋಗ ತಗಲತೊಡಗಿತು. ಆದ್ದರಿಂದ ಹುಡುಕಾಟ ಒಮ್ಮೆಗೆ ಮುಗಿಯುವಂಥದ್ದಲ್ಲ.

ಬೀಜದ ಕಣಜ

ಪವಿತ್ರ ಕುರ್‌ಆನ್‌ನಲ್ಲಿ ಬರುವ ಪ್ರವಾದಿ ಯೂಸುಫ್ (ಅ) ಅವರ ವೃತ್ತಾಂತ ನಮಗೆಲ್ಲ ತಿಳಿದದ್ದೇ. ಏಳು ವರ್ಷಗಳ ಸುಭಿಕ್ಷೆಯ ಕಾಲದಲ್ಲಿ ಬೆಳೆದದ್ದರಲ್ಲಿ ಊಟಕ್ಕೆ ಬೇಕಾದಷ್ಟನ್ನು ಬಿಟ್ಟು ಉಳಿದದ್ದನ್ನು ತೆನೆಯಲ್ಲೇ ಕಾಪಿಡುವಂತೆ ಅವರು ಸೂಚಿಸಿದರು. ಮುಂದೆ ಬಂದ ಏಳು ವರ್ಷಗಳ ಬರದಲ್ಲಿ ಜನರನ್ನು ಉಳಿಸಿದ್ದು ಆ ದಾಸ್ತಾನು. ಕಷ್ಟ ಬರುವ ಮೊದಲೇ ಕೂಡಿಡಬೇಕೆಂಬ ಆ ವಿವೇಕವೇ ಇಂದಿನ ಜೀನ್ ಬ್ಯಾಂಕುಗಳ ಬುನಾದಿ. ದೆಹಲಿಯ ರಾಷ್ಟ್ರೀಯ ಸಸ್ಯ ಆನುವಂಶಿಕ ಸಂಪನ್ಮೂಲ ಸಂಸ್ಥೆಯ ಜೀನ್ ಬ್ಯಾಂಕಿನಲ್ಲಿ 4 ಲಕ್ಷಕ್ಕೂ ಹೆಚ್ಚು ಬೀಜ ಮಾದರಿಗಳಿವೆ. ಚೆನ್ನಾಗಿ ಒಣಗಿಸಿದ ಬೀಜಗಳನ್ನು ಗಾಳಿಯಾಡದ ಪೊಟ್ಟಣಗಳಲ್ಲಿ ಮುಚ್ಚಿ ಸೊನ್ನೆಗಿಂತ 18 ಡಿಗ್ರಿ ಕೆಳಗಿನ ತಾಪಮಾನದಲ್ಲಿ ಇಡಲಾಗುತ್ತದೆ.

ಇಂಥ ಕಣಜದ ಬೆಲೆ ಏನೆಂದು ಸಿರಿಯಾ ತೋರಿಸಿತು. ಅಲೆಪ್ಪೊ ನಗರದ ಬಳಿ 'ಇಕಾರ್ಡಾ' ಎಂಬ ಒಣಪ್ರದೇಶ ಕೃಷಿ ಸಂಶೋಧನಾ ಕೇಂದ್ರವಿತ್ತು. ಗೋಧಿ, ಬಾರ್ಲಿ, ಕಡಲೆ, ಚನ್ನಂಗಿ ಬೇಳೆ ಇವುಗಳ ತವರು ಆ ಭಾಗ. ಅವುಗಳ ಕಾಡು ಬಂಧುಗಳ ಬೀಜಗಳೂ ಕೇಂದ್ರದ ಬ್ಯಾಂಕಿನಲ್ಲಿದ್ದವು. ಯುದ್ಧ ಆರಂಭವಾದಾಗ ವಿಜ್ಞಾನಿಗಳು ಆ ಕೇಂದ್ರವನ್ನು ತೊರೆಯಬೇಕಾಯಿತು. ಆದರೆ ಬಹುಪಾಲು ಬೀಜಗಳ ಪ್ರತಿಗಳನ್ನು ನಾರ್ವೆಯ ಹಿಮಪ್ರದೇಶದ ಸ್ವಾಲ್ಬಾರ್ಡ್‌ನಲ್ಲಿ 2008ರಲ್ಲಿ ತೆರೆದ ಜಾಗತಿಕ ಬೀಜ ಭಂಡಾರಕ್ಕೆ ಅವರು ಕಳುಹಿಸಿದ್ದರು. 2015ರಲ್ಲಿ ಆ ಭಂಡಾರದಿಂದ ಮೊದಲ ಬಾರಿಗೆ ಬೀಜಗಳನ್ನು ಹಿಂಪಡೆದು ಲೆಬನಾನ್ ಮತ್ತು ಮೊರಾಕೊದಲ್ಲಿ ಬಿತ್ತಲಾಯಿತು. ಬೆಳೆದ ಬೀಜದ ಒಂದು ಪಾಲನ್ನು ಮತ್ತೆ ಸ್ವಾಲ್ಬಾರ್ಡ್‌ಗೆ ಮರಳಿಸಿದರು.

ಆದರೂ ಬ್ಯಾಂಕು ಒಂದೇ ಸಾಲದು. ಮಾವು, ಹಲಸಿನಂಥವುಗಳ ಬೀಜ ಒಣಗಿಸಿದರೆ ಸತ್ತುಹೋಗುತ್ತದೆ. ಇನ್ನೊಂದು ಕಾರಣವೂ ಇದೆ. ಶೀತಕೋಣೆಯ ಬೀಜ ಬದಲಾಗುವುದಿಲ್ಲ. ಹೊರಗಿನ ಗಿಡ ಪ್ರತಿವರ್ಷದ ಬಿಸಿಲು, ಮಳೆ, ರೋಗಗಳಿಗೆ ಹೊಂದಿಕೊಳ್ಳುತ್ತಲೇ ಇರುತ್ತದೆ. ಆದ್ದರಿಂದ ಅವು ಹುಟ್ಟಿ ಬೆಳೆದ ಜಾಗದಲ್ಲೇ ಕಾಪಾಡುವುದೂ ಅಗತ್ಯ. ಮೇಘಾಲಯದ ಗಾರೋ ಬೆಟ್ಟಗಳ ನೋಕ್ರೆಕ್‌ನಲ್ಲಿ ಕಾಡು ಕಿತ್ತಳೆಗೆಂದೇ ಇಂಥದೊಂದು ಅಭಯಾರಣ್ಯವಿದೆ.

ನಮ್ಮ ಸುತ್ತಮುತ್ತ

2016ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನವೊಂದು 81 ಬೆಳೆಗಳ 1,076 ಕಾಡು ಬಂಧುಗಳನ್ನು ಪರಿಶೀಲಿಸಿತು. ಅವುಗಳಲ್ಲಿ 313ರ ಒಂದು ಬೀಜವೂ ಯಾವ ಬ್ಯಾಂಕಿನಲ್ಲೂ ದಾಖಲಾಗಿರಲಿಲ್ಲ. ಹುಲಿ, ಆನೆ ಕಡಿಮೆಯಾದರೆ ಸುದ್ದಿಯಾಗುತ್ತದೆ. ಕೆರೆಗೆ ಮಣ್ಣು ತುಂಬಿ ನಿವೇಶನ ಮಾಡುವಾಗ ಅದರಂಚಿನ ಕಾಡು ಭತ್ತ ಹೋಯಿತೆಂದು ಯಾರೂ ಬರೆಯುವುದಿಲ್ಲ.

ಪಶ್ಚಿಮ ಘಟ್ಟ ಕಾಳುಮೆಣಸಿನ ತವರು. ಕಾಡು ಭತ್ತ, ಕಾಡು ಹೆಸರು, ಕಾಡು ಮಾವು ಅಲ್ಲಿವೆ. ನಮ್ಮ ಬೇಲಿಗಳಲ್ಲೂ ಇಂಥ ಗಿಡಗಳಿಗೆ ಕೊರತೆಯಿಲ್ಲ. ಮುಳ್ಳಿನ ಸುಂಡೆ ಗಿಡವನ್ನೇ ನೋಡಿ: ಅದರ ಬೇರಿಗೆ ಬದನೆಯನ್ನು ಕಸಿ ಕಟ್ಟಿದರೆ ಮಣ್ಣಿನಿಂದ ಬರುವ ಸೊರಗು ರೋಗವನ್ನು ತಡೆಯಬಲ್ಲದು.

ಜೀವವೈವಿಧ್ಯ ಕಾಯ್ದೆ, 2002ರ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಊರಿನ ಸಸ್ಯ, ಪ್ರಾಣಿ, ತಳಿಗಳ ಬಗ್ಗೆ ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧಪಡಿಸಬೇಕು. ವಿಜ್ಞಾನ ವಿಭಾಗದ ವಿದ್ಯಾರ್ಥಿಗಳು ರಜೆಯಲ್ಲಿ ತಮ್ಮ ಪಂಚಾಯಿತಿಗೆ ಹೋಗಿ ಆ ದಾಖಲೆಯನ್ನು ನೋಡಬಹುದು. ಮನೆಯ ಹಿರಿಯರನ್ನು ಕೇಳಿ ಕಾಡು ಗಿಡಗಳ ಸ್ಥಳೀಯ ಹೆಸರು, ಹೂ ಬಿಡುವ ಕಾಲ, ಬೆಳೆಯುವ ಜಾಗ ಬರೆದುಕೊಂಡು, ಫೋಟೊ ತೆಗೆದು, ಜೀವಶಾಸ್ತ್ರ ಉಪನ್ಯಾಸಕರ ನೆರವಿನಿಂದ ಗುರುತಿಸಿ ಸಮಿತಿಗೆ ಕೊಡಬಹುದು. ಗಿಡವನ್ನು ಕೀಳಬೇಕಿಲ್ಲ, ಎಲ್ಲಿದೆ ಎಂದು ಗೊತ್ತಾದರೆ ಕಾಪಾಡುವ ದಾರಿ ತೆರೆಯುತ್ತದೆ.

ಹಕ್ಕಿ, ಪ್ರಾಣಿ, ಮನುಷ್ಯ ಯಾರೇ ತಿಂದರೂ ನೆಟ್ಟವನಿಗೆ ಅದು ದಾನವಾಗುತ್ತದೆಂದು ಪ್ರವಾದಿವರ್ಯರು (ಸ) ಕಲಿಸಿದ್ದಾರೆ. ಮುಂದೊಂದು ದಿನ ಬರದಲ್ಲೂ ತೆನೆ ಕಟ್ಟುವ ಭತ್ತ ಬೇಕಾದಾಗ ಅದರ ಮೂಲ ಇಂದು ನಾವು ಉಳಿಸಿದ ಹುಲ್ಲಿನಲ್ಲೇ ಇರಬಹುದು. ಅದನ್ನು ಉಣ್ಣುವವರು ನಮ್ಮ ಹೆಸರು ತಿಳಿದಿರಬೇಕಾಗಿಲ್ಲ.