ಬೆಳ್ಳಕ್ಕಿಯೂ ಬೂದುಗಣ್ಣಿನ ಯಂತ್ರವೂ

ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು ಹಿರಿಯರು ಎಚ್ಚರಿಸಿದ್ದಾರೆ. ಡಿಜಿಟಲ್ ಕ್ಯಾಮೆರಾದೊಳಗಿನ ಬೆಳಕಿನ ಮಾಪಕವು ಈ ಎಚ್ಚರಿಕೆಯನ್ನು ಮಿತಿಮೀರಿ ಪಾಲಿಸುತ್ತದೆ. ಅದರ ಪಾಲಿಗೆ ಲೋಕದಲ್ಲಿ ಬಿಳುಪೂ ಇಲ್ಲ, ಕಪ್ಪೂ ಇಲ್ಲ. ಇರುವುದೆಲ್ಲ ನಡುವಣ ಬೂದುಬಣ್ಣವೇ. ಕಡಲತೀರದ ಹಕ್ಕಿಗಳ ಚಿತ್ರ ತೆಗೆಯಹೊರಟವರ ತೊಡಕುಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲಿಂದಲೇ.

ಈ ಮಾಪಕವು ಅಳೆಯುವುದು ವಸ್ತುವಿನ ಮೇಲೆ ಬಿದ್ದ ಬೆಳಕನ್ನಲ್ಲ, ಅದರಿಂದ ಮರಳಿ ಬಂದ ಬೆಳಕನ್ನು. ಎದುರಿನ ನೋಟವು ಒಟ್ಟಿನಲ್ಲಿ ಶೇಕಡ ೧೮ರಷ್ಟು ಬೆಳಕನ್ನು ಹಿಂದಿರುಗಿಸುವ ಬೂದುಬಣ್ಣದಂತೆ ಇದೆಯೆಂದೇ ಅದರ ಎಣಿಕೆ. ಗದ್ದೆಯ ಬಯಲಿಗೆ, ಊರ ಬೀದಿಗೆ ಈ ಎಣಿಕೆ ಸಾಕು. ಆದರೆ ಕುಮಟೆಯ ಬಳಿ ಅಘನಾಶಿನಿ ಕಡಲನ್ನು ಸೇರುವಲ್ಲಿ ಇಳಿತದ ಹೊತ್ತಿಗೆ ನಿಂತು ನೋಡಿರಿ: ಒಂದೆಡೆ ಕಪ್ಪು ಕೆಸರು, ಮತ್ತೊಂದೆಡೆ ಬೆಳ್ನೊರೆ. ಕೆಸರಿನಲ್ಲಿ ಬೆಳ್ಳಕ್ಕಿ ನಿಂತಾಗ ಮಾಪಕವು 'ಇಲ್ಲಿ ಕತ್ತಲೆ' ಎಂದೆಣಿಸಿ ಹೆಚ್ಚು ಬೆಳಕನ್ನು ಒಳಬಿಡುತ್ತದೆ. ಹಕ್ಕಿಯ ಗರಿಗಳೆಲ್ಲ ಅಳಿಸಿ ಬರಿಯ ಬಿಳಿ ಕಾಗದವಾಗುತ್ತವೆ. ಅದೇ ಹಕ್ಕಿ ನೊರೆಯ ಮುಂದೆ ಬಂದಾಗ ಬೆಳಕನ್ನು ಕಡಿತಗೊಳಿಸುತ್ತದೆ. ಹಕ್ಕಿ ಮಾಸಿದ ಪಂಚೆಯಂತೆ ತೋರುತ್ತದೆ. ಇಷ್ಟರಲ್ಲಿ ಸೂರ್ಯನೂ ಬದಲಾಗಿಲ್ಲ, ಹಕ್ಕಿಯೂ ಬದಲಾಗಿಲ್ಲ. ಬದಲಾದುದು ಹಿನ್ನೆಲೆ ಮಾತ್ರ.

ನಮ್ಮ ಕರಾವಳಿಯ ವೆಸ್ಟರ್ನ್ ರೀಫ್ ಹೆರಾನ್ ಎಂಬ ಬಕಜಾತಿಯ ಹಕ್ಕಿಯಲ್ಲಿ ಎರಡು ಬಣ್ಣಗಳುಂಟು: ಕೆಲವು ಅಚ್ಚ ಬಿಳಿ, ಕೆಲವು ಸ್ಲೇಟಿನ ಕಪ್ಪು. ಒಂದೊಂದನ್ನೂ ಚೌಕಟ್ಟಿನ ತುಂಬ ತೆಗೆದು ಮಾಪಕವನ್ನೇ ನಂಬಿದರೆ ಎರಡೂ ಬೂದಿಯತ್ತಲೇ ವಾಲುತ್ತವೆ! ಕ್ಷೀರನೀರ ವಿವೇಕ ಯಂತ್ರಕ್ಕಿಲ್ಲ. ಅದನ್ನು ಒದಗಿಸಬೇಕಾದವನು ಛಾಯಾಗ್ರಾಹಕ.

ಉಪಾಯ ಸರಳವಾದುದು. ಕ್ಯಾಮೆರಾವನ್ನು ಮ್ಯಾನ್ಯುಯಲ್ ಕ್ರಮದಲ್ಲಿಟ್ಟು, ಐ.ಎಸ್.ಒ. ತಾನಾಗಿ ಬದಲಾಗದಂತೆ ಮಾಡಿ, ಹಕ್ಕಿಯ ಮೇಲೆ ಬಿದ್ದ ಬೆಳಕಿಗೆ ತಕ್ಕಂತೆ ಒಮ್ಮೆ ಅಳತೆಯನ್ನು ನಿಶ್ಚಯಿಸಬೇಕು. ಸೂರ್ಯನು ಮೇಲೇರಿ, ಬಿಸಿಲು ನಿಚ್ಚಳವಾಗಿ, ನಿಮ್ಮ ಬೆನ್ನ ಹಿಂದಿನಿಂದ ಬೀಳುತ್ತಿದ್ದರೆ ಐ.ಎಸ್.ಒ. ೪೦೦, ಅಪರ್ಚರ್ ಎಫ್ ೮, ಷಟರ್ ೧/೧೬೦೦ ಸೆಕೆಂಡ್ ಸಾಮಾನ್ಯ ವಸ್ತುವಿಗೆ ಹಿತ. ಬಿಳಿಯ ಹಕ್ಕಿಗಾದರೆ ಷಟರನ್ನು ೧/೩೨೦೦ಕ್ಕೆ ಏರಿಸಿ ಬೆಳಕನ್ನು ಅರ್ಧಕ್ಕಿಳಿಸಬೇಕು. ಒಂದು ಚಿತ್ರ ತೆಗೆದು ಪರದೆಯ ಮೇಲೆ ಪರೀಕ್ಷಿಸಿರಿ. ಬೆಳಕು ಮೀರಿದೆಡೆ ಮಿನುಗುವ ಎಚ್ಚರಿಕೆಯನ್ನು ಬಹುತೇಕ ಕ್ಯಾಮೆರಾಗಳು ತೋರಬಲ್ಲವು. ಹಿಸ್ಟೊಗ್ರಾಂ ಒಂದನ್ನೇ ನೆಚ್ಚಬಾರದು. ಹಕ್ಕಿ ಚಿಕ್ಕದಿದ್ದರೆ ಅದರ ಬಿಳುಪು ಆ ರೇಖೆಯಲ್ಲಿ ಕಣ್ಣಿಗೇ ಬೀಳದು. ಎದೆಯ ಗರಿ ಮಿನುಗಿದರೆ ಬೆಳಕನ್ನು ತುಸು ತಗ್ಗಿಸಿರಿ. ಮಿನುಗು ನಿಂತಲ್ಲಿ ನೀವೂ ನಿಲ್ಲಿರಿ. ಆ ಬಳಿಕ ಹಕ್ಕಿ ಕೆಸರಿಗಿಳಿಯಲಿ, ನೊರೆಯ ಮೇಲೆ ಹಾರಲಿ, ಅಳತೆಯನ್ನು ಮುಟ್ಟಬೇಡಿರಿ. ಮೋಡ ಕವಿದರೆ, ಬಿಸಿಲು ಬಾಡಿದರೆ ಮಾತ್ರ ಹೊಸದಾಗಿ ನಿಶ್ಚಯಿಸಿರಿ.

ಮೆಟ್ಟುಗಾಲು ಹಕ್ಕಿಯಲ್ಲಿ ಕರಿ ರೆಕ್ಕೆಯೂ ಬಿಳಿ ಹೊಟ್ಟೆಯೂ ಒಟ್ಟಿಗಿವೆ. ಅಲ್ಲಿ ಬಿಳುಪಿನ ಪಕ್ಷವನ್ನೇ ವಹಿಸಬೇಕು. 'ರಾ' ಕಡತದಲ್ಲಿ ತೆಗೆದ ಚಿತ್ರದ ಕಪ್ಪಿನಲ್ಲಿ ಅಡಗಿದ ವಿವರವನ್ನು ಅನಂತರ ತಕ್ಕಮಟ್ಟಿಗೆ ಮೇಲೆತ್ತಬಹುದು. ಪೂರ್ಣವಾಗಿ ಸುಟ್ಟುಹೋದ ಬಿಳುಪನ್ನು ಯಾರೂ ಮರಳಿ ತರಲಾರರು. ಹಾಗೆಂದು ಬೆಳಕನ್ನು ಅತಿಯಾಗಿ ತಗ್ಗಿಸಿದರೆ ಕಪ್ಪಿನಲ್ಲಿ ಕಾಳುಕಾಳು ಕಾಣಿಸಿಕೊಳ್ಳುತ್ತದೆ. ಪಡುವಣ ಕಡಲಿನಲ್ಲಿ ಬೆಳಗಿನ ಹೊತ್ತೇ ಲೇಸು. ಕಡಲಿಗೆ ಮುಖ ಮಾಡಿದವನ ಬೆನ್ನ ಹಿಂದೆ ಸೂರ್ಯನಿರುತ್ತಾನೆ.

ಇಷ್ಟೆಲ್ಲ ಶ್ರಮವು ಅಂದಕ್ಕಾಗಿ ಮಾತ್ರವೇ? ಅಲ್ಲ. ಉತ್ತರದ ಶೀತಪ್ರದೇಶಗಳಲ್ಲಿ ಹುಟ್ಟಿ ಚಳಿಗಾಲಕ್ಕೆ ನಮ್ಮ ತೀರಕ್ಕೆ ಬರುವ ಎಷ್ಟೋ ಪುಟ್ಟ ಹಕ್ಕಿಗಳಲ್ಲಿ ಆ ವರ್ಷದ ಮರಿಯನ್ನು ಗುರುತಿಸಲು ಗರಿಗಳ ಅಚ್ಚುಕಟ್ಟಾದ ತಿಳಿ ಅಂಚೇ ಕುರುಹು. ಬೆಳಕು ಮೀರಿದರೆ ಮೊದಲು ಅಳಿಯುವುದು ಆ ಅಂಚೇ. ಅಘನಾಶಿನಿಯ ಅಳಿವೆಯು ೨೦೨೪ರಲ್ಲಿ ರಾಮ್‌ಸಾರ್ ತಾಣವೆಂದು ಘೋಷಿತವಾಯಿತು. ಇಂಥಲ್ಲಿ ಯಾವ ಹಕ್ಕಿ ಬಂದಿತು, ಮರಿಗಳು ಬಂದವೇ ಎಂಬುದಕ್ಕೆ ಒಂದು ಸ್ಪಷ್ಟ ಚಿತ್ರವೂ ಸಾಕ್ಷಿಯಾಗಬಲ್ಲದು. ಸುಟ್ಟ ಚಿತ್ರ ಮೂಕಸಾಕ್ಷಿ.

ಕಡೆಯದಾಗಿ ಒಂದು ಮಾತು. ಬೆಳಕು ಸರಿಹೊಂದಿತೆಂದು ಹಕ್ಕಿಯ ಬೆನ್ನಟ್ಟಬೇಡಿರಿ. ಇಳಿತವಿರುವಷ್ಟು ಹೊತ್ತೇ ಅದರ ಊಟದ ವೇಳೆ. ಮರುಪಯಣಕ್ಕೆ ಬೇಕಾದ ಕೊಬ್ಬನ್ನು ಅದು ಆ ಕೆಸರಿನಿಂದಲೇ ಹೆಕ್ಕಬೇಕು. ಅಳತೆಯನ್ನು ನಿಶ್ಚಯಿಸಿ, ಅಲುಗಾಡದೆ ಕುಳಿತುಕೊಳ್ಳಿರಿ. ಮೇಯುತ್ತ ಮೇಯುತ್ತ ಹಕ್ಕಿಯೇ ಹತ್ತಿರಕ್ಕೆ ಬಂದೀತು.