ಅಡಕೆಗೆ ಮದ್ದು ಬಿಡುವ ಪೆಟ್ರೋಲ್ ಪಂಪಿನ ಆರೈಕೆ

ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಅಡಕೆ ತೋಟಗಳಿಗೆ ಮಳೆಗಾಲದಲ್ಲಿ ಮಹಾಳಿ ಎಂಬ ಕೊಳೆರೋಗವು ತಗಲುವುದು ಕೃಷಿಕರೆಲ್ಲರಿಗೂ ತಿಳಿದ ವಿಷಯವೇ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರು 1910ರಲ್ಲಿ ಈ ರೋಗದ ವಿವರವನ್ನು ಪ್ರಕಟಿಸಿದ ಕಾಲದಿಂದಲೂ ಬೋರ್ಡೋ ದ್ರಾವಣವೇ ಇದಕ್ಕೆ ಮುಖ್ಯವಾದ ಮದ್ದಾಗಿರುತ್ತದೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಇದರ ಪ್ರಮಾಣ. ಮುಂಗಾರಿಗೆ ಮೊದಲು ಒಮ್ಮೆ, 40–45 ದಿನಗಳ ತರುವಾಯ ಮತ್ತೊಮ್ಮೆ ಬಿಡತಕ್ಕದ್ದು. ಎರಡನೆಯ ಸಲಕ್ಕೆ ಮಳೆಯು ಬಿಡುವು ಕೊಡುವುದು ಅಪರೂಪ. ಅಂಥ ದಿನ ಪಂಪು ಕೆಟ್ಟು ನಿಂತರೆ ವರ್ಷದ ಫಸಲೇ ಉದುರಿಹೋಗಬಹುದು.

ಪಂಪನ್ನು ಕೆಡಿಸುವುದು ಬಹುಮಟ್ಟಿಗೆ ಒಳಗೆ ಉಳಿದ ಮದ್ದೇ. ಮೈಲುತುತ್ತು ಕಬ್ಬಿಣವನ್ನು ತಿನ್ನುತ್ತದೆ. ಸುಣ್ಣದ ಗಸಿಯು ವಾಲ್ವು, ನಾಜಲುಗಳಲ್ಲಿ ಒಣಗಿ ಗಟ್ಟಿಯಾಗುತ್ತದೆ. ಆದಕಾರಣ ಈ ಕೆಳಗಿನ ಕ್ರಮಗಳನ್ನು ತಪ್ಪದೆ ಅನುಸರಿಸಬೇಕು.

1. ಕೆಲಸಕ್ಕೆ ಮೊದಲು: ಯಂತ್ರವನ್ನು ಸಮನೆಲದಲ್ಲಿಟ್ಟು, ಎಂಜಿನಿನ ಆಯಿಲನ್ನೂ ಪಂಪಿನ ಆಯಿಲನ್ನೂ ಬೇರೆ ಬೇರೆಯಾಗಿ ನೋಡತಕ್ಕದ್ದು. ಪಂಪಿನ ಆಯಿಲು ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆಯೆಂದು ತಿಳಿದು ಸೀಲನ್ನು ಬದಲಾಯಿಸಬೇಕು. ಗ್ರೀಸ್ ಕಪ್ಪುಗಳಿದ್ದರೆ ತುಂಬಿಸಬೇಕು. ದ್ರಾವಣವನ್ನು ಬಟ್ಟೆಯಲ್ಲಿ ಸೋಸಿಯೇ ಉಪಯೋಗಿಸಬೇಕು. ಪಂಪನ್ನು ಬರಿದಾಗಿ ಓಡಿಸಕೂಡದು. ಎಂಜಿನು ಬಿಸಿಯಾಗಿರುವಾಗ ಪೆಟ್ರೋಲ್ ಹಾಕಕೂಡದು.

2. ಪ್ರತಿ ಸಂಜೆ: ಗನ್ನಿನ ತುದಿಯಲ್ಲಿ ನೀಲಿ ಬಣ್ಣ ಅಳಿದು ತಿಳಿನೀರು ಬರುವ ತನಕ ಚೊಕ್ಕ ನೀರನ್ನು ಹಾಯಿಸಬೇಕು. ಅನಂತರ ಎಂಜಿನನ್ನು ನಿಲ್ಲಿಸಿ, ಗನ್ನನ್ನು ತೆರೆದು ಒತ್ತಡವನ್ನು ಇಳಿಸಿದ ಮೇಲೆಯೇ ನಾಜಲನ್ನು ಬಿಚ್ಚತಕ್ಕದ್ದು. ನಾಜಲನ್ನು ಮೆದುವಾದ ಬ್ರಷ್ಷಿನಿಂದ ತೊಳೆಯಬೇಕು. ತಂತಿಯಿಂದ ಚುಚ್ಚಿದರೆ ತೂತು ಹಿಗ್ಗಿ ಮದ್ದು ದಪ್ಪ ಹನಿಗಳಾಗಿ ಬೀಳುವುದು. ತೊಳೆದ ನೀರನ್ನು ತೋಡಿಗಾಗಲಿ ಬಾವಿಯ ಬಳಿಗಾಗಲಿ ಬಿಡಕೂಡದು. ತಾಮ್ರವು ಮೀನುಗಳಿಗೆ ವಿಷ.

3. ಆಗಾಗ್ಗೆ: ಏರ್ ಫಿಲ್ಟರನ್ನು ಶುಚಿಮಾಡಿ, ಪ್ಲಗ್ಗಿನ ಕರಿಯನ್ನು ತೆಗೆಯಬೇಕು. ಎಂಜಿನಿನ ಆಯಿಲನ್ನು ತಯಾರಕರ ಪುಸ್ತಕದಲ್ಲಿ ಹೇಳಿದ ಗಂಟೆಗಳಿಗೆ ಬದಲಾಯಿಸಬೇಕು. ಎರಡು ಸ್ಟ್ರೋಕಿನ ಎಂಜಿನಾದರೆ ಆಯಿಲನ್ನು ಪೆಟ್ರೋಲಿಗೇ, ಹೇಳಿದ ಪ್ರಮಾಣದಲ್ಲಿ ಬೆರೆಸತಕ್ಕದ್ದು.

4. ಮಳೆಗಾಲ ಕಳೆದ ಮೇಲೆ: ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುವುದರಿಂದ ಅದು ತೇವವನ್ನು ಹೀರುತ್ತದೆ. ಟ್ಯಾಂಕಿಯನ್ನೂ ಕಾರ್ಬುರೇಟರನ್ನೂ ಬರಿದುಮಾಡಿ, ಯಂತ್ರವನ್ನು ಒಣಗಿದ ಸ್ಥಳದಲ್ಲಿರಿಸಬೇಕು. ಮೇ ತಿಂಗಳಲ್ಲಿ ಬರಿನೀರಿನಿಂದ ಒಮ್ಮೆ ನಡೆಸಿ ನೋಡಿದರೆ, ಬೇಕಾದ ವಾಷರು, ಸೀಲುಗಳನ್ನು ಮಳೆಗೆ ಮುಂಚೆಯೇ ತರಿಸಿಕೊಳ್ಳಬಹುದು.

ಕತ್ತಲಾಗುವ ಹೊತ್ತಿಗೆ ಎಲ್ಲರೂ ದಣಿದಿರುತ್ತಾರೆ. ತೊಳೆಯುವ ಕೆಲಸವು ನಾಳೆಗೆ ಉಳಿಯುವುದು ಆಗಲೇ. ತೋಟಗಾರರು ಅದನ್ನು ಮದ್ದು ಬಿಡುವ ಕೆಲಸದ ಒಂದು ಭಾಗವೆಂದೇ ಎಣಿಸಿ, ತೊಳೆದ ಮೇಲೆಯೇ ದಿನದ ಕೆಲಸ ಮುಗಿಯಿತೆಂದು ತಿಳಿಯತಕ್ಕದ್ದು.