ನಿಂತ ಯಂತ್ರದಲ್ಲಿ ಉಳಿದ ಶಕ್ತಿ

ಕೃಷ್ಣಾ, ಘಟಪ್ರಭಾ ನದಿಗಳ ನೀರಿನಲ್ಲಿ ಬೆಳೆಯುವ ಕಬ್ಬು ಜಮಖಂಡಿ, ಮುಧೋಳ, ಬೀಳಗಿ ಸೀಮೆಯ ಸಕ್ಕರೆ ಕಾರ್ಖಾನೆಗಳಿಗೂ ಮಹಾಲಿಂಗಪುರದ ಪೇಟೆಗೆ ಬೆಲ್ಲ ಕಳಿಸುವ ಗಾಣಗಳಿಗೂ ಆಧಾರವಾಗಿದ್ದರೆ, ರಬಕವಿ-ಬನಹಟ್ಟಿಯ ಬದುಕು ವಿದ್ಯುತ್ ಮಗ್ಗಗಳನ್ನು ನೆಚ್ಚಿಕೊಂಡಿದೆ. ಇಂಥ ಯಂತ್ರಗಳು ಕೈಗೆ ಅಪಾಯ ತರುವುದು ಉತ್ಪಾದನೆಯ ವೇಳೆಯಲ್ಲಿ ಮಾತ್ರವಲ್ಲ. ಸಿಕ್ಕಿಕೊಂಡ ಸಿಪ್ಪೆ ತೆಗೆಯುವಾಗ, ಎಣ್ಣೆ ಬಿಡುವಾಗ, ಬೆಲ್ಟ್ ಏರಿಸುವಾಗ ರಕ್ಷಣೆಯ ಜಾಲರಿ ಬಿಚ್ಚಿರುತ್ತದೆ, ಯಂತ್ರ ನಿಂತಿದೆ ಎಂಬ ನಂಬಿಕೆ ಕೈಯನ್ನು ಒಳಗೆ ಕಳಿಸುತ್ತದೆ.

ಎರಡು ರೋಲರುಗಳು ಒಳಮುಖವಾಗಿ ತಿರುಗುತ್ತ ಕೂಡುವ ಸಂದಿನಲ್ಲಿ ಎರಡು ಬಲಗಳ ಪೈಪೋಟಿ ನಡೆಯುತ್ತದೆ: ರೋಲರಿನ ಒತ್ತಡ ವಸ್ತುವನ್ನು ಹೊರಕ್ಕೆ ನೂಕಿದರೆ, ಮೇಲ್ಮೈಯ ಘರ್ಷಣೆ ಅದನ್ನು ಒಳಕ್ಕೆ ಎಳೆಯುತ್ತದೆ. ವಸ್ತು ತೆಳ್ಳಗಿದ್ದಷ್ಟೂ ಅದು ರೋಲರನ್ನು ಮುಟ್ಟುವ ಕೋನ ಕಿರಿದಾಗಿ ಎಳೆತವೇ ಗೆಲ್ಲುತ್ತದೆ. ಕಬ್ಬು ಜಾರದಿರಲೆಂದು ರೋಲರಿನ ಮೈಮೇಲೆ ಕೊರೆದ ಗೀರುಗಳು ಕಬ್ಬಿಗಿಂತ ತೆಳ್ಳಗಿನ ಬೆರಳನ್ನು ಇನ್ನೂ ಸುಲಭವಾಗಿ ಹಿಡಿಯುತ್ತವೆ. ರೋಲರಿನ ಮೇಲ್ಮೈ ಸೆಕೆಂಡಿಗೆ ಕೇವಲ 30 ಸೆಂಟಿಮೀಟರ್ ಚಲಿಸುತ್ತದೆಂದು ಇಟ್ಟುಕೊಂಡರೂ, ನೋವು ಅರಿತು ಕೈ ಹಿಂದಕ್ಕೆಳೆಯಲು ಬೇಕಾಗುವ ಸುಮಾರು 0.2 ಸೆಕೆಂಡಿನಲ್ಲಿ 6 ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ಇಡೀ ತೋರುಬೆರಳು, ಒಳಗೆ ಹೋಗಿರುತ್ತದೆ. ಮೆಲ್ಲಗೆ ತಿರುಗುವ ಗಾಣ ನಿರಪಾಯಕಾರಿ ಎಂಬ ತಿಳಿವಳಿಕೆ ಆದ್ದರಿಂದ ತಪ್ಪು. ಕೈಗವಸು ಇಲ್ಲಿ ಕಾಪಾಡುವುದಿಲ್ಲ. ಅದರ ತುದಿ ಮೊದಲು ಸಿಕ್ಕಿ ಕೈಯನ್ನೂ ಜೊತೆಗೆ ಎಳೆದೊಯ್ಯುತ್ತದೆ.

ಈ ಅಪಾಯ ಹೊಸದಲ್ಲ. ಕೆರಿಬಿಯನ್ ದ್ವೀಪಗಳ ಕಬ್ಬಿನ ಗಿರಣಿಗಳಲ್ಲಿ ರೋಲರಿಗೆ ಸಿಕ್ಕ ಗುಲಾಮನ ತೋಳನ್ನು ಕಡಿಯಲು ಕೊಡಲಿಯನ್ನು ಹತ್ತಿರವೇ ಇಟ್ಟಿರುತ್ತಿದ್ದರು. 1759ರಲ್ಲಿ ಪ್ರಕಟವಾದ ವೋಲ್ಟೇರನ ‘ಕಾಂದೀದ್’ ಕೃತಿಯಲ್ಲಿ ಹೀಗೆ ಕೈ ಕಳೆದುಕೊಂಡವನೊಬ್ಬ ಬರುತ್ತಾನೆ. ಯಂತ್ರ ನಿಲ್ಲಿಸುವ ಉಪಾಯಕ್ಕಿಂತ ಕೈ ಕಡಿಯುವ ಉಪಾಯ ಮೊದಲು ಸಿದ್ಧವಾಗಿದ್ದುದು ತಂತ್ರಜ್ಞಾನದ ಚರಿತ್ರೆಯ ಅತ್ಯಂತ ಕ್ರೂರ ಸಂಗತಿಗಳಲ್ಲೊಂದು.

ಎತ್ತಿನ ಗಾಣದ ಕಾಲದಲ್ಲಿ ನೊಗ ಕಳಚಿದರೆ ಗಾಣಕ್ಕೆ ಶಕ್ತಿಯ ಮೂಲವೇ ಇರುತ್ತಿರಲಿಲ್ಲ, ಎತ್ತು ಗೋದಲಿಯ ಮುಂದೆ ನಿಂತಿರುವುದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಎಂಜಿನ್ ಮತ್ತು ಮೋಟಾರು ಬಂದ ಮೇಲೆ ನೊಗ ಕಳಚಿದೆಯೋ ಇಲ್ಲವೋ ಎಂಬುದು ಕಾಣದಾಯಿತು. ಡೀಸೆಲ್ ಎಂಜಿನ್ನು ಆರಿಸಿದರೂ ಅದರ ಭಾರದ ಚಕ್ರ, ಅಂದರೆ ಫ್ಲೈವೀಲ್, ಕೂಡಿಟ್ಟ ಶಕ್ತಿಯಿಂದ ಕೆಲಹೊತ್ತು ತಿರುಗುತ್ತಲೇ ಇರುತ್ತದೆ. ಹಲವು ಹಳೆಯ ಮಗ್ಗಗಳಲ್ಲಿ ಹಿಡಿಕೆ ಎಳೆದು ಮಗ್ಗ ನಿಲ್ಲಿಸಿದಾಗಲೂ ಮೋಟಾರಿನ ಬೆಲ್ಟ್ ಓಡುತ್ತಿರುತ್ತದೆ. ಕರೆಂಟ್ ಹೋದ ಬಿಡುವಿನಲ್ಲಿ ಕೈಗೊಳ್ಳುವ ದುರಸ್ತಿ ಇವೆಲ್ಲಕ್ಕಿಂತ ಮೋಸದ್ದು: ಸ್ವಿಚ್ ಹಾಕಿದಂತೆಯೇ ಉಳಿದಿದ್ದರೆ ಕರೆಂಟ್ ಬಂದ ಕ್ಷಣವೇ ಮೋಟಾರು ಏಳುತ್ತದೆ. ನೋ-ವೋಲ್ಟ್ ಕಾಯಿಲ್ ಇರುವ ಸ್ಟಾರ್ಟರಿನಲ್ಲಿ ಕರೆಂಟ್ ಹೋದೊಡನೆ ವಿದ್ಯುತ್ಕಾಂತ ತನ್ನ ಹಿಡಿತ ಬಿಡುವುದರಿಂದ ಸಂಪರ್ಕ ತಪ್ಪಿ, ಮತ್ತೆ ಗುಂಡಿ ಒತ್ತುವವರೆಗೂ ಮೋಟಾರು ಏಳುವುದಿಲ್ಲ. ಆದರೆ ರಾತ್ರಿ ನೀರು ಹಾಯಿಸಲು ಪಂಪ್‌ಸೆಟ್ಟಿಗೆ ಕೂರಿಸುವ ಆಟೋ ಸ್ಟಾರ್ಟರು ಗಾಣಕ್ಕೆ ಬಂದರೆ ಈ ರಕ್ಷಣೆ ಇಲ್ಲವಾಗುತ್ತದೆ. ಮೇನ್ ಸ್ವಿಚ್ ಆರಿಸಿ, ಅದಕ್ಕೆ ಬೀಗ ಹಾಕಿ, ಕೀಲಿಯನ್ನು ದುರಸ್ತಿ ಮಾಡುವವನ ಕಿಸೆಯಲ್ಲೇ ಇಡುವುದು, ಚಕ್ರ ಪೂರ್ತಿ ನಿಂತ ಮೇಲೆ ಗುಂಡಿ ಒತ್ತಿ ಯಂತ್ರ ಏಳುವುದಿಲ್ಲವೆಂದು ಪರೀಕ್ಷಿಸುವುದು, ಇದೇ ಇಂದಿನ ನೊಗ ಕಳಚುವಿಕೆ.

1948ರ ಕಾರ್ಖಾನೆ ಕಾಯ್ದೆ ಚಲಿಸುವ ಭಾಗಗಳಿಗೆ ಬೇಲಿ ಕಡ್ಡಾಯ ಮಾಡಿತಾದರೂ, ವಿದ್ಯುತ್ ಬಳಸುವೆಡೆ ಕನಿಷ್ಠ 10 ಕೆಲಸಗಾರರಿದ್ದರೆ ಮಾತ್ರ ಅದನ್ನು ಸಾಮಾನ್ಯವಾಗಿ ಕಾರ್ಖಾನೆಯೆಂದು ಎಣಿಸಿತು. ಮನೆಯೊಳಗಿನ ಎರಡು ಮಗ್ಗಗಳಿಗೆ ಆ ಬೇಲಿ ತಲುಪಲಿಲ್ಲ.

ತುಂಡಾದ ಹೆಬ್ಬೆರಳನ್ನು ಸೂಕ್ಷ್ಮದರ್ಶಕದಡಿ ರಕ್ತನಾಳ ಹೊಲಿದು ಮೊದಲಿಗೆ ಮರುಜೋಡಿಸಿದವರು ಜಪಾನಿನ ಕೊಮಾತ್ಸು ಮತ್ತು ತಮಾಯಿ, 1965ರಲ್ಲಿ. ಹರಿತವಾಗಿ ಕತ್ತರಿಸಿದ ಬೆರಳಿಗೆ ಈ ಚಿಕಿತ್ಸೆ ಚೆನ್ನಾಗಿ ಒಗ್ಗುತ್ತದೆ. ಗಾಣ ಜಜ್ಜಿದ ಬೆರಳಿನಲ್ಲಿ ಹೊಲಿಯಲು ರಕ್ತನಾಳವೇ ಉಳಿದಿರುವುದು ವಿರಳ. ತುಂಡಾದ ಭಾಗವನ್ನು ಒದ್ದೆಯಾದ ಶುಭ್ರ ಬಟ್ಟೆಯಲ್ಲಿ ಸುತ್ತಿ, ನೀರು ಹೋಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಬೆರೆಸಿದ ನೀರಿನಲ್ಲಿಡಬೇಕು. ಮಂಜುಗಡ್ಡೆ ನೇರವಾಗಿ ತಾಗಿದರೆ ಜೀವಕೋಶಗಳು ಸಾಯುತ್ತವೆ. ಬೆರಳಿನಲ್ಲಿ ಸ್ನಾಯುವಿಲ್ಲ, ಅದನ್ನು ಮಡಿಸುವ ಸ್ನಾಯುಗಳು ಅಂಗೈ ಮತ್ತು ಮುಂಗೈಯಲ್ಲಿವೆ. ಆದಕಾರಣ ತಂಪಿನಲ್ಲಿಟ್ಟ ಬೆರಳು ಸುಮಾರು 24 ಗಂಟೆ ತಾಳಿದರೆ, ಸ್ನಾಯು ತುಂಬಿದ ಮುಂಗೈ ಅದರ ಅರ್ಧದಷ್ಟು ಹೊತ್ತು ಮಾತ್ರ ತಾಳುತ್ತದೆ.